ವಾಲ್‌ನಟ್ ಬಣ್ಣದ ಹಲಸು

ಶಿವಮೊಗ್ಗ
3 ಫೆಬ್ರವರಿ 2025, ಸೋಮವಾರ

ಮೇಜು ಬಂತು. ಆರು ಅಡಿ ಉದ್ದ, ಎರಡು ಅಡಿ ಚಿಲ್ಲರೆ ಅಗಲ, ಎರಡು ಇಂಚು ದಪ್ಪದ ಒಂದೇ ಹಲಗೆ, ಕೆಳಗೆ ಕಬ್ಬಿಣದ ಕಾಲು. ಟೆಂಪೋದಿಂದ ಇಳಿಸಿದವರು ಏದುಸಿರು ಬಿಡುತ್ತ ನೀರು ಕೇಳಿದರು. ಸುತ್ತಿದ್ದ ಪ್ಲಾಸ್ಟಿಕ್ ಕಿತ್ತಾಗ, ಯಾರದೋ ಮೇಜನ್ನು ನಮ್ಮನೆಗೆ ತಂದಿಳಿಸಿದ್ದಾರೆ ಅಂತಲೇ ಅನ್ನಿಸಿತು. ಗಾಢ ಕಂದು, ಹೆಚ್ಚೂಕಡಿಮೆ ಕಪ್ಪು. ಮೇಲೆ ಎಂಥ ಹೊಳಪು ಅಂದರೆ ಟ್ಯೂಬ್‌ಲೈಟ್ ಪೂರ್ತಿ ಅದರೊಳಗೆ ಕಾಣುತ್ತದೆ.

ಇದು ಸಾಗರದ ಕಡೆಯ ನಮ್ಮ ತವರಿನ ಅಂಗಳದ ಹಲಸು. ಮಳೆಗಾಲದ ಗಾಳಿಗೆ ಬಿದ್ದ ಮರವನ್ನು ತಮ್ಮ ಸಾಮಿಲ್ಲಿಗೆ ಸಾಗಿಸಿ ಕೊಯ್ಯಿಸಿ, ಹಲಗೆಗಳ ನಡುವೆ ರೀಪು ಕೊಟ್ಟು ಅಟ್ಟದ ಮೇಲೆ ಒಟ್ಟಿದ್ದ. ವರ್ಷಗಟ್ಟಲೆ ಒಣಗಿದ ಮರ. ಕಾಲು ಕೂರಿಸಿ ಪಾಲಿಶ್ ಮಾಡಲು ಇಲ್ಲಿಯ ಒಂದು ಫರ್ನಿಚರ್ ಅಂಗಡಿಗೆ ಕೊಟ್ಟಾಗ "ಮರದ ಬಣ್ಣ ಹಾಗೇ ಇರಲಿ" ಅಂತ ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆ. ಫೋನ್ ಮಾಡಿದರೆ, "ವಾಲ್‌ನಟ್ ಶೇಡ್ ಮೇಡಂ, ಈಗ ಎಲ್ಲರೂ ಅದನ್ನೇ ಕೇಳ್ತಾರೆ" ಎಂಬ ಉತ್ತರ. ವಾಲ್‌ನಟ್ ಅಂದರೆ ಅಕ್ರೋಟು. ಕಾಶ್ಮೀರದಲ್ಲಿ ಅಕ್ರೋಟಿನ ಮರದಲ್ಲೇ ಕೆತ್ತನೆ ಮಾಡುತ್ತಾರೆ, ಅಲ್ಲಿ ಆ ಬಣ್ಣ ನ್ಯಾಯ. ಶಿವಮೊಗ್ಗದ ಹಲಸಿಗೆ ಯಾಕೆ ಕಾಶ್ಮೀರದ ವೇಷ?

ಇವರಿಗೆ ಇಷ್ಟವಾಗಿದೆ. "ಚೆನ್ನಾಗೇ ಇದೆಯಲ್ಲೇ, ಹೋಟೆಲ್ ತರ ಕಾಣ್ತದೆ" ಅಂದರು. ಅದೇ ನನ್ನ ದೂರು.

5 ಫೆಬ್ರವರಿ, ಬುಧವಾರ

ಮೇಜಿನ ಕೆಳಗೆ ಬಗ್ಗಿ ನೋಡಿದೆ. ತಳಕ್ಕೆ ಅವರು ಏನೂ ಹಚ್ಚಿಲ್ಲ. ದುಡ್ಡು ಉಳಿಸಲು ಬಿಟ್ಟಿದ್ದಾರೆ, ನನಗೆ ಅದರಿಂದ ಉಪಕಾರವೇ ಆಯಿತು. ತಳದ ಬಣ್ಣ ಜೇನಿನದು. ಗರಗಸದ ಗೆರೆಗಳು ಹಾಗೇ ಇವೆ. ಮೇಲಿನದನ್ನು ತೆಗೆದರೆ ಏನು ಸಿಗಬಹುದು ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ಬಣ್ಣ ಸೋರಿ ತಳಕ್ಕೆ ಇಳಿದಿರುವ ಒಂದೆರಡು ಕಡೆ ನನ್ನ ಪ್ರಯೋಗಕ್ಕೆ ಜಾಗವೂ ಆಯಿತು.

ತೆಗೆಯುವ ಮೊದಲು ಅದು ಏನು ಅಂತ ತಿಳಿಯಬೇಕು. ಪಿ.ಯು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಇದು ಸಾಲ್ಟ್ ಅನಾಲಿಸಿಸ್‌ನಷ್ಟೇ ಸಲೀಸು. ಮೊದಲು ಸ್ಪಿರಿಟ್: ಹತ್ತಿಯಲ್ಲಿ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಅರಗಿನ ಪಾಲಿಶ್ ಆಗಿದ್ದರೆ ಅಂಟಂಟಾಗಿ ಕರಗಬೇಕಿತ್ತು. ಕರಗಲಿಲ್ಲ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಎನ್.ಸಿ. ಥಿನ್ನರ್. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆದರೆ ಅದಕ್ಕೆ ಮೆತ್ತಗಾಗುತ್ತದೆ. ಹೊಳಪು ಚೂರು ಮಂಕಾಯಿತು, ಅಷ್ಟೇ. ಎರಡಕ್ಕೂ ಜಗ್ಗದಿದ್ದರೆ ಅದು ಒಣಗುವಾಗ ತನ್ನೊಳಗೇ ಬಲೆ ಹೆಣೆದುಕೊಂಡ ಜಾತಿ, ಮೆಲಮೈನ್ ಅಥವಾ ಪಾಲಿಯುರೇಥೇನ್. ಅರಗು ಬರೀ ದ್ರಾವಕ ಹಾರಿಹೋಗಿ ಗಟ್ಟಿಯಾಗುತ್ತದೆ. ಮತ್ತೆ ಸ್ಪಿರಿಟ್ ಕೊಟ್ಟರೆ ಮತ್ತೆ ಕರಗುತ್ತದೆ. ಮೆಲಮೈನಿಗೆ ಗಟ್ಟಿಕಾರಕ ಅಂತ ಆಮ್ಲ ಬೆರೆಸುತ್ತಾರೆ, ರಾಸಾಯನಿಕ ಕ್ರಿಯೆ ನಡೆದು ಮುಗಿದಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ. ಅಂಗಡಿಯವರನ್ನು ಕೇಳಿದೆ. ಮೆಲಮೈನೇ ಅಂತೆ. ಹೊಸ ಮೇಜಿನ ಕಣ್ಣುರಿಸುವ ವಾಸನೆ ಅದರೊಳಗಿನ ಫಾರ್ಮಾಲ್ಡಿಹೈಡಿನದು.

9 ಫೆಬ್ರವರಿ, ಭಾನುವಾರ

ಆಚಾರ್ರು ಬಂದಿದ್ದರು. ನಮ್ಮ ಮನೆಯ ಬಾಗಿಲು ಕಿಟಕಿಯೆಲ್ಲ ಅವರ ಕೈಯದೇ. ಮೇಜನ್ನು ಬೆರಳ ಗಿಣ್ಣಿನಿಂದ ತಟ್ಟಿ, ತಳಕ್ಕೆ ಬಗ್ಗಿ, "ಹಲಸು! ಒಳ್ಳೇ ಚೇಗು ಮೇಡಂ. ಇದಕ್ಕೆ ಯಾಕ್ರೀ ಮಸಿ ಬಳಿದ್ರು?" ಅಂದರು. ಅವರ ಮೇಲೆ ಮೊದಲೇ ಇದ್ದ ಗೌರವ ಇನ್ನಷ್ಟು ಹೆಚ್ಚಿತು.

ಅವರ ಅಭಿಪ್ರಾಯದಲ್ಲಿ ಒಂದು ಸುತ್ತು ಕೀಸುಳಿ ಹಾಕಿದರೆ ಆಯಿತು. ಎರಡು ಇಂಚಿನ ಹಲಗೆಗೆ ಒಂದು ಮಿಲಿಮೀಟರ್ ಹೋದರೆ ಏನು ಮಹಾ? ಪ್ಲೈವುಡ್ ಮೇಲೆ ಅಂಟಿಸಿದ ತೆಳು ವೆನೀರ್ ಆಗಿದ್ದರೆ ಕೀಸುವ ಮಾತೇ ಇರಲಿಲ್ಲ, ಬಣ್ಣದ ಜೊತೆ ಮರವೂ ಮುಗಿಯುತ್ತಿತ್ತು. ಆದರೆ ಮೆಲಮೈನ್ ಇರುವಾಗಲೇ ಕೀಸಿದರೆ ಅಲಗು ಬೇಗ ಮೊಂಡಾಗುತ್ತದೆ. ಸ್ಯಾಂಡ್ ಪೇಪರ್ ಹಚ್ಚಿದರೆ ಪೇಪರಿಗೇ ಮೆತ್ತಿಕೊಳ್ಳುತ್ತದೆ. ಮೊದಲು ಮೇಲಿನ ಪದರ ಹೋಗಬೇಕು. ಅವರಿಗೆ ಒಂದು ಮನೆಯ ಕೆಲಸ ಶಿವರಾತ್ರಿವರೆಗೆ ಇದೆಯಂತೆ. ಅಲ್ಲಿವರೆಗೆ ಪದರ ಕೆರೆದಿಡಲು ನಾನು ಒಪ್ಪಿಕೊಂಡೆ. ಇವರು ಪೇಪರಿನ ಹಿಂದಿನಿಂದ, "ನಿನಗೆ ನಿವೃತ್ತಿ ಯಾಕಾಯ್ತೋ" ಅಂದರು.

ಯಾವುದರಲ್ಲಿ ಕೆರೆಯುವುದು ಅಂದರೆ ಆಚಾರ್ರು ನಕ್ಕರು. ಗಾಜಿನ ಚೂರು! ಕಿಟಕಿ ಗಾಜನ್ನು ಕೊರೆದು ಮುರಿದಾಗ ಬರುವ ನೇರ ಅಂಚು ಯಾವ ಉಕ್ಕಿಗಿಂತಲೂ ಹರಿತ. ಮೊಂಡಾದರೆ ಎಸೆದು ಇನ್ನೊಂದು. ಹಿಡಿಯುವ ಕಡೆ ದಪ್ಪ ಬಟ್ಟೆ ಸುತ್ತಬೇಕು. ಹಳೇ ಹ್ಯಾಕ್‌ಸಾ ಬ್ಲೇಡನ್ನು ಅರದಿಂದ ಸಮ ಮಾಡಿಯೂ ಕೊಟ್ಟು ಹೋದರು.

10 ಫೆಬ್ರವರಿ, ಸೋಮವಾರ

ಹಾರ್ಡ್‌ವೇರ್ ಅಂಗಡಿಯವನು ಪೇಂಟ್ ರಿಮೂವರ್ ಕೊಟ್ಟ. "ಹಚ್ಚಿ ಹತ್ತು ನಿಮಿಷ ಬಿಡಿ ಆಂಟಿ, ತಾನೇ ಏಳುತ್ತೆ." ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ: ಮೆಥಿಲೀನ್ ಕ್ಲೋರೈಡ್. ನಮ್ಮ ಲ್ಯಾಬಿನ ಹಳೇ ಪರಿಚಯ, ಡೈಕ್ಲೋರೋಮೀಥೇನ್. 40 ಡಿಗ್ರಿಗೇ ಕುದಿಯುವ ದ್ರವ. ಶಿವಮೊಗ್ಗದ ಬೇಸಿಗೆಯಲ್ಲಿ ಡಬ್ಬಿ ತೆಗೆದರೆ ಕುದಿಯುವುದಕ್ಕೆ ಹೆಚ್ಚೇನೂ ಬಾಕಿ ಇರುವುದಿಲ್ಲ. ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ನಿಲ್ಲುತ್ತದೆ. ಉಸಿರಲ್ಲಿ ಒಳಹೋದದ್ದನ್ನು ದೇಹ ಕಾರ್ಬನ್ ಮೊನಾಕ್ಸೈಡಾಗಿ ಒಡೆಯುತ್ತದೆ. ಮುಚ್ಚಿದ ಬಚ್ಚಲಲ್ಲಿ ಟಬ್ಬಿನ ಬಣ್ಣ ತೆಗೆಯಲು ಹೋಗಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಮನೆಬಳಕೆಯ ರಿಮೂವರ್‌ಗಳಲ್ಲಿ ಇದನ್ನು ಮಾರುವುದು ನಿಷೇಧವಾಯಿತು, 2024ರಲ್ಲಿ ನಿಷೇಧ ಇನ್ನೂ ಹರಡಿತು. ಇಲ್ಲಿ ಮೊಳೆ, ಬೀಗದ ಪಕ್ಕದಲ್ಲಿ ಇಟ್ಟು ಮಾರುತ್ತಾರೆ. (ಇದೇ ದ್ರಾವಕದಿಂದ ಕಾಫಿ ಬೀಜದ ಕೆಫೀನ್ ತೆಗೆಯುವ ಪದ್ಧತಿಯೂ ಉಂಟು. ಕೆಫೀನ್ ಇಲ್ಲದ ಕಾಫಿ ಕುಡಿಯುವ ಕರ್ಮ ಮಲೆನಾಡಿನವರಿಗೆ ಯಾಕೆ, ಅದು ಬೇರೆ ಮಾತು.)

ಆದರೂ ಅಂಗಳದಲ್ಲಿ, ಬೆಳಗಿನ ತಂಪಿನಲ್ಲಿ, ಸೋರಿದ ಬಣ್ಣದ ಆ ಒಂದು ಕಡೆ ಬ್ರಷ್‌ನಲ್ಲಿ ಹಚ್ಚಿ ನೋಡಿದೆ. ಪದರ ಹಪ್ಪಳದ ಹಾಗೆ ಗುಳ್ಳೆ ಎದ್ದು ಮುದುಡಿತು. ಕೆಲಸವೇನೋ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಕರಗಿದ ಕಂದು ಬಣ್ಣ ಒಂದಿಷ್ಟು ಮರದ ರಂಧ್ರದೊಳಗೆ ಇನ್ನೂ ಕೆಳಕ್ಕೆ ಇಳಿಯಿತು. ಡಬ್ಬಿ ಮುಚ್ಚಿ ಹೊರಗಿನ ಶೆಡ್ಡಿನಲ್ಲಿಟ್ಟೆ. ಹಲಗೆಯ ಬಗಲಿನ ಡೊಂಕು ಅಂಚಿಗೆ ಕೀಸುಳಿ ಹೋಗುವುದಿಲ್ಲ, ಅಲ್ಲಿಗೆ ಬೇಕಾಗಬಹುದು.

ಕಾಸ್ಟಿಕ್ ಸೋಡಾ ಯೋಚನೆಯೂ ಬಂದಿತ್ತು. ಟ್ಯಾನಿನ್ ಇರುವ ಮರ ಕ್ಷಾರಕ್ಕೆ ಕಪ್ಪಾಗುತ್ತದೆ. ಕಪ್ಪು ತೆಗೆಯಲು ಹೋಗಿ ಕಪ್ಪು ಮಾಡುವುದು ಬೇಡ.

13 ಫೆಬ್ರವರಿ, ಗುರುವಾರ

ಕೆರೆಯುತ್ತಿದ್ದೇನೆ.

ಗಾಜನ್ನು ನೆಟ್ಟಗೆ ಹಿಡಿದರೆ ಏನೂ ಬರುವುದಿಲ್ಲ, ತೀರಾ ಮಲಗಿಸಿದರೆ ಜಾರುತ್ತದೆ. ನನ್ನ ಕಡೆಗೆ ಸ್ವಲ್ಪ ಬಾಗಿಸಿ, ಎರಡೂ ಹೆಬ್ಬೆರಳು ಒತ್ತಿ, ಎಳೆಯ ಜಾಡಿನಲ್ಲೇ ಎಳೆಯಬೇಕು. ಸರಿಯಾದ ಕೋನ ಸಿಕ್ಕಿದ್ದು ಕಿವಿಗೆ ಮೊದಲು ಗೊತ್ತಾಗುತ್ತದೆ. ಕಿರ್ರ್ ಎನ್ನುವ ಸದ್ದು ನಿಂತು ಸರ್ ಅನ್ನುತ್ತದೆ. ಆಗ ಮೆಲಮೈನ್ ಬಿಳಿ ಪುಡಿಯಾಗಿ ಏಳುತ್ತದೆ. ಅದರ ಹಿಂದೆಯೇ ಕಂದು ಪುಡಿ. ಇನ್ನೊಂದು ಎಳೆತಕ್ಕೆ ಉಗುರಿಗಿಂತ ತೆಳುವಾದ ಸಿಪ್ಪೆ, ಅದರ ಒಂದು ಮೈ ಕಂದು, ಇನ್ನೊಂದು ಮೈ ಹಳದಿ. ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಇಳಿದಿರುವ ಆಳ ಅಷ್ಟೇ. ಅಷ್ಟರಲ್ಲಿ ಇಡೀ ಹಲಗೆಯ ಗುರುತೇ ಮರೆಸಿದ್ದರು.

ಹಲಸಿನ ಎಳೆ ಎಲ್ಲ ಕಡೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಂದು ಪಟ್ಟಿ ಈಚೆ ಮಲಗಿದ್ದರೆ ಪಕ್ಕದ್ದು ಆಚೆ. ನಡುವೆ ಗಂಟಿನ ಹತ್ತಿರ ಎದುರು ಎಳೆಗೆ ಸಿಕ್ಕಿ ಚಿಬಿರು ಎದ್ದಿತು. ಅಲ್ಲಿ ದಿಕ್ಕು ಬದಲಿಸಿ ಆಚೆ ಬದಿ ನಿಂತು ಎಳೆದೆ. ಮೂಗಿಗೆ ಮಾಸ್ಕ್ ಇದೆ. ಗಟ್ಟಿಮರದ ಧೂಳು ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಮೊದಲ ಪಟ್ಟಿಯಲ್ಲೇ ಇದೆ. ಆಚಾರ್ರಿಗೆ ಹೇಳಿದರೆ, "ನಮ್ಮಪ್ಪ ಎಂಬತ್ತಾರು ವರ್ಷ ಬದುಕಿದ್ರು ಮೇಡಂ" ಅನ್ನುತ್ತಾರೆ. ಎಂಬತ್ತಾರರವರೆಗೆ ಅವರು ಕೈಗರಗಸದಲ್ಲಿ ಕೊಯ್ದವರು, ಆ ದೊಡ್ಡ ಹೊಟ್ಟು ಮೂಗಿನೊಳಗೆ ಆಳಕ್ಕೆ ಹೋಗುವಂಥದಲ್ಲ. ಮೆಷಿನ್ನಿನ ಧೂಳು ಹಿಟ್ಟಿನಷ್ಟು ನಯ.

ಇವತ್ತು ಒಂದು ಮೂಲೆಯಿಂದ ಒಂದು ಮೊಳದಷ್ಟು ಆಯಿತು. ಭುಜ ಹಿಡಿದುಕೊಂಡಿದೆ.

16 ಫೆಬ್ರವರಿ, ಭಾನುವಾರ

ಅರ್ಧ ಹಲಗೆ ಬೋಳಾಗಿದೆ. ಹೊಳಪಿಲ್ಲ, ಗಾಢ ಬಣ್ಣವಿಲ್ಲ. ಆದರೆ ಎಳೆಯುದ್ದಕ್ಕೂ ಸಣ್ಣ ಸಣ್ಣ ಕಪ್ಪು ಗೀಟುಗಳು ಉಳಿದಿವೆ. ಹಲಸಿನ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಬಣ್ಣ ಅದರೊಳಗೆ ಹೋಗಿ ಕೂತಿದೆ.

ಸ್ಟೇನ್ ಎಂಬುದರಲ್ಲಿ ಎರಡು ಜಾತಿ. ಡೈ ಅಂದರೆ ಪೂರ್ತಿ ಕರಗಿದ ಬಣ್ಣ, ಮರದ ನಾರಿನೊಳಗೇ ಹೋಗಿ ಸೇರುತ್ತದೆ. ಪಿಗ್ಮೆಂಟ್ ಅಂದರೆ ನುಣ್ಣಗೆ ಅರೆದ ಮಣ್ಣು, ಲೋಹದ ಆಕ್ಸೈಡಿನ ಪುಡಿ. ಅದು ಕರಗಿರುವುದಿಲ್ಲ, ತೇಲುತ್ತಿರುತ್ತದೆ, ಸಿಕ್ಕ ಗುಂಡಿಯಲ್ಲಿ ಕೂರುತ್ತದೆ. ಅಂಗಡಿಯ ಡಬ್ಬಿಗಳಲ್ಲಿ ಎಷ್ಟೋ ಸಲ ಎರಡೂ ಬೆರೆತಿರುತ್ತವೆ. ಬೇರೆಮಾಡಲು ಸುಲಭದ ಉಪಾಯ, ಬಟ್ಟೆಗೆ ಹಾಕುವ ಬ್ಲೀಚು. ಸೋಡಿಯಂ ಹೈಪೋಕ್ಲೋರೈಟ್ ಡೈಯನ್ನು ಕೊಲ್ಲುತ್ತದೆ. ಪಿಗ್ಮೆಂಟಿನ ಕೂದಲೂ ಕೊಂಕುವುದಿಲ್ಲ, ಕಬ್ಬಿಣದ ಆಕ್ಸೈಡಿಗೆ ಬ್ಲೀಚ್ ಏನು ಮಾಡೀತು?

ಸಾಮಿಲ್ಲಿನಿಂದ ತಮ್ಮ ತಂದಿದ್ದ ತುಂಡೊಂದು ಇತ್ತು. ಅಂಗಡಿಯವರಿಂದ ಉಳಿದ ಸ್ಟೇನ್ ಒಂದಿಷ್ಟು ಕೇಳಿ ತಂದಿದ್ದೆ (ಕೊಟ್ಟರು, ಪುಣ್ಯಾತ್ಮರು). ಬಳಿದು ಒಣಗಿಸಿದ್ದ ತುಂಡಿನ ಮೇಲೆ ಬ್ಲೀಚ್ ಒರೆಸಿದೆ. ಒಟ್ಟಾರೆ ಕಂದು ಮಸುಕಾಯಿತು, ಗೀಟುಗಳು ಗೀಟಾಗಿಯೇ ಉಳಿದವು. ಅಲ್ಲಿಗೆ ಇದು ಮಿಶ್ರ. ಜೊತೆಗೆ ಇನ್ನೊಂದು ಸಂಗತಿ ಕಂಡಿತು. ಬಣ್ಣ ಹಚ್ಚದ ಭಾಗಕ್ಕೂ ಬ್ಲೀಚ್ ಹರಿದು, ಅಲ್ಲಿ ಹಲಸಿನ ಸ್ವಂತ ಹಳದಿ ಪೇಲವವಾಗಿತ್ತು. ಬ್ಲೀಚನ್ನು ಆ ತುಂಡಿಗೇ ಮುಗಿಸಿದೆ.

ಪುಸ್ತಕಗಳಲ್ಲಿ ಮರದ ಬ್ಲೀಚ್ ಅಂತ ಮೂರನ್ನು ಒಟ್ಟಿಗೆ ಹೇಳಿಬಿಡುತ್ತಾರೆ, ಓದಿದವರು ಯಾವುದಾದರೂ ಒಂದನ್ನು ಸುರಿಯುತ್ತಾರೆ. ಮೂರರ ಕೆಲಸವೂ ಬೇರೆ. ಕ್ಲೋರಿನ್ ಬ್ಲೀಚ್ ಡೈಗೆ. ಆಕ್ಸಾಲಿಕ್ ಆಮ್ಲ ಕಬ್ಬಿಣದ ಕಲೆಗೆ. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಜೋಡಿ ಮರದ ಹುಟ್ಟುಬಣ್ಣವನ್ನೇ ತೆಗೆಯಲು. ಆ ಮೂರನೆಯದನ್ನು ಹಲಸಿಗೆ ಹಾಕುವವರು ಹಲಸನ್ನು ಯಾಕೆ ಕೊಳ್ಳಬೇಕು, ತಿಳಿಯದು. ಕ್ಲೋರಿನ್ ಬ್ಲೀಚಿನ ಜೊತೆ ಯಾವ ಆಮ್ಲವೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಬಾಟಲಿಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದೇನೆ.

20 ಫೆಬ್ರವರಿ, ಗುರುವಾರ

ಕೆರೆದ ಹಲಸಿನ ಪುಡಿಯನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಹಾಕಿ ಕಿಟಕಿಯಲ್ಲಿ ಇಟ್ಟಿದ್ದೆ. ಇದು ಸುಮ್ಮನೆ ಖುಷಿಗೆ. ನೀರು ಹಳದಿಯಾಗಿದೆ. ಇದರಲ್ಲಿ ಇರುವುದು ಮೋರಿನ್ ಎಂಬ ಫ್ಲೇವನಾಯ್ಡ್. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಕಾಷಾಯಕ್ಕೆ ಹಲಸಿನ ಚೇಗಿನ ಚಕ್ಕೆ ಕುದಿಸಿದ ಬಣ್ಣ ಹಾಕುತ್ತಿದ್ದರು. ನಮಗೆ ಲ್ಯಾಬಿನಲ್ಲಿ ಮೋರಿನ್ ಪರಿಚಯವಾದದ್ದು ಬೇರೆ ಬಾಗಿಲಿನಿಂದ: ಅಲ್ಯುಮಿನಿಯಂ ಲವಣದ ಜೊತೆ ಸೇರಿದರೆ ಅತಿನೇರಳೆ ಬೆಳಕಲ್ಲಿ ಹಸಿರಾಗಿ ಹೊಳೆಯುತ್ತದೆ, ಅಲ್ಯುಮಿನಿಯಂ ಪತ್ತೆಗೆ ಅದೊಂದು ಪರೀಕ್ಷೆ. ನಮ್ಮ ಕಾಲೇಜಿನ ಬಜೆಟ್ಟಿನಲ್ಲಿ ಆ ಕಾರಕ ಎಂದೂ ಬರಲಿಲ್ಲ, ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದೆ. ತವರಿನ ಅಂಗಳದಲ್ಲೇ ಒಂದು ಮರದ ತುಂಬ ಇತ್ತು.

ಹಲಸಿಗೆ ಯಾಕೆ ಬಣ್ಣ ಬೇಡ ಅಂತ ಇವರಿಗೆ ಊಟದ ಹೊತ್ತಿಗೆ ವಿವರಿಸಿದೆ. ಹೊಸದಾಗಿ ಕೊಯ್ದ ಹಲಸು ಹಳದಿ. ಬೆಳಕು ಬಿದ್ದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೆಂಗಂದು. ತವರಿನ ತಲೆಬಾಗಿಲು ಹಲಸಿನದೇ. ಅದಕ್ಕೆ ಯಾರೂ ಸ್ಟೇನ್ ಹಚ್ಚಿಲ್ಲ. ಅಜ್ಜಿ ಹಬ್ಬಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಅಷ್ಟೇ. ಈಗ ಅದು ಬೀಟೆಗಿಂತ ಕಡಿಮೆಯಿಲ್ಲದಂತೆ ಕಾಣುತ್ತದೆ. ತಂಜಾವೂರಿನ ಏಕಾಂಡ ವೀಣೆಗಳು ಇಡಿಯಾಗಿ ಒಂದೇ ಹಲಸಿನ ದಿಮ್ಮಿಯಲ್ಲಿ ಕಡೆದವು, ಹಳೆಯವುಗಳ ಕೊಡದ ಬಣ್ಣ ನೋಡಬೇಕು. ತಾನಾಗಿ ಗಾಢವಾಗುವ ಮರ ಇದು. ಅದಕ್ಕೆ ಡಬ್ಬಿಯ ಕಂದು ಬಳಿಯುವುದು ಕಾಯಲಾರದವರ ಕೆಲಸ. ಬಳಿದ ಕಂದು ಮೊದಲ ದಿನ ಹೇಗಿದೆಯೋ ಹಾಗೇ ಇದ್ದು, ಆಮೇಲೆ ಕೈ ತಾಗುವ ಕಡೆಯೆಲ್ಲ ಸವೆದು ಬೋಳಾಗುತ್ತದೆ. ಒಳಗಿನ ಮರ ಎಷ್ಟು ಚೆನ್ನಾಗಿ ಮಾಗಿದರೂ ಹೊರಗೆ ಕಾಣುವುದಿಲ್ಲ.

"ಅದು ಮಾಗೋವರೆಗೆ ನಾವಿರಬೇಕಲ್ಲ" ಅಂದರು ಇವರು. ಉಪ್ಪಿನಕಾಯಿ ಜಾಡಿ ಮುಂದೆ ತಳ್ಳಿದೆ.

26 ಫೆಬ್ರವರಿ, ಬುಧವಾರ, ಶಿವರಾತ್ರಿ

ಕೆಲಸವಿಲ್ಲ. ಮೇಲಿನ ಪದರ ನಿನ್ನೆಗೆ ಪೂರ್ತಿ ಹೋಗಿದೆ.

2 ಮಾರ್ಚ್, ಭಾನುವಾರ

ಆಚಾರ್ರು ಬಂದರು. ಮೇಜನ್ನು ಕಾಲಿನಿಂದ ಬಿಡಿಸಿ, ಅಂಗಳದಲ್ಲಿ ಎರಡು ಮರದ ಕುದುರೆಯ ಮೇಲೆ ಮಲಗಿಸಿದರು. ಕೀಸುವ ಮುಂಚೆ ಚೀಲದಿಂದ ತೆಗೆದದ್ದು ಹಳೇ ಸ್ಪೀಕರಿನ ಆಯಸ್ಕಾಂತ. ದಾರಕ್ಕೆ ಕಟ್ಟಿ ಹಲಗೆಯ ಮೇಲೆ ಸಾಲು ಸಾಲಾಗಿ ನಿಧಾನ ಆಡಿಸುತ್ತ ಹೋದರು. ಅಂಗಳದ ಮರವನ್ನು ಹಾಗೆ ನೋಡದೆ ಕೀಸುವುದಿಲ್ಲವಂತೆ. ಒಂದು ತುದಿಯ ಹತ್ತಿರ ಆಯಸ್ಕಾಂತ ಟಪ್ಪಂತ ಹಿಡಿಯಿತು.

ಅಲ್ಲೇ ಒಂದು ಕಪ್ಪು ಛಾಯೆ ಇತ್ತು. ಸ್ಟೇನಿನ ಉಳಿಕೆ ಇರಬೇಕು ಅಂತ ನಾನು ಆ ಜಾಗವನ್ನು ಉಳಿದ ಕಡೆಗಿಂತ ಹೆಚ್ಚು ಕೆರೆದಿದ್ದೆ. ಆಚಾರ್ರು ಸಣ್ಣ ಉಳಿಯಲ್ಲಿ ಬಿಡಿಸಿದಾಗ ಒಳಗೆ ಮೊಳೆಯ ತುಂಡು, ತುಕ್ಕು ಹಿಡಿದು ಅರ್ಧ ಕರಗಿದ್ದು. ನಮ್ಮಮ್ಮ ಬಟ್ಟೆಯ ಹಗ್ಗ ಕಟ್ಟುತ್ತಿದ್ದ ಮೊಳೆ! ಮರ ಬೆಳೆಯುತ್ತ ಅದನ್ನು ನುಂಗಿಕೊಂಡಿದೆ. ಕಬ್ಬಿಣವೂ ಮರದ ಟ್ಯಾನಿನ್ನೂ ಸೇರಿ ಸುತ್ತ ನೀಲಿಗಪ್ಪು ಮಾಡಿವೆ. ಹಿಂದೆ ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಹೀಗೆಯೇ.

ಆಗ ಅಂಗಡಿಯವರ ಲೆಕ್ಕ ನನಗೆ ಹೊಳೆಯಿತು. ಒಂದು ತುದಿಯಲ್ಲಿ ಕರಿ ಕಲೆ. ಒಂದು ಬಗಲಲ್ಲಿ ಉದ್ದಕ್ಕೂ ಚೇಗಿನ ಹೊರಗಿನ ಬಿಳಿ ಪಟ್ಟಿ, ಅದರಲ್ಲಿ ಕುಟ್ಟೆ ಹುಳುವಿನ ಸೂಜಿಮೊನೆಯಂಥ ತೂತು. ಅವರ ಕಣ್ಣಿಗೆ ಇದು ಮೂರು ಬಣ್ಣದ, ಕಲೆಯಿರುವ ಹಲಗೆ. ಗಿರಾಕಿ ದೂರು ಹೇಳುತ್ತಾನೆ. ಎಲ್ಲವನ್ನೂ ಮುಚ್ಚುವಂಥ ಗಾಢ ಬಣ್ಣ ಒಂದೇ ದಾರಿ. ಕಲಸಿಟ್ಟ ಡಬ್ಬಿಯೂ ಇತ್ತು. ಕೇಳದೇ ಹಚ್ಚಿದ್ದಕ್ಕೆ ನಾನು ಬಿಟ್ಟುಕೊಡುವುದಿಲ್ಲ, ಆದರೆ ಸುಮ್ಮನೆ ಹಚ್ಚಿದ್ದಲ್ಲ ಎಂಬುದು ಈಗ ಗೊತ್ತಾಗಿದೆ. ಬಿಳಿ ಪಟ್ಟಿ, ಚೇಗು ಎರಡನ್ನೂ ಒಂದೇ ಬಣ್ಣಕ್ಕೆ ತರುವುದು ಸ್ಟೇನ್ ಬಳಸುವವರ ನ್ಯಾಯವಾದ ಉಪಯೋಗವೇ. ನನಗೆ ಆ ಎರಡು ಬಣ್ಣವೂ ಬೇಕಿತ್ತು, ಅಷ್ಟೇ ವ್ಯತ್ಯಾಸ.

ಮೊಳೆ ಹೋದಮೇಲೆ ಕೀಸುಳಿ ಓಡಿತು. ಕರೆಂಟಿನದು ಬೇಡ, ಎಳೆ ತಿರುಗುವ ಕಡೆ ಅದು ಕಿತ್ತುಬಿಡುತ್ತದೆ ಅಂದರು. ಅಲಗನ್ನು ಕೂದಲೆಳೆಯಷ್ಟೇ ಹೊರಗಿಟ್ಟು, ಹಲಗೆಗೆ ಓರೆಯಾಗಿ ದೂಡಿದರು. ಮೊದಲ ಸುರುಳಿಗಳಲ್ಲಿ ಕಪ್ಪು ಗೀಟು, ಮುಂದಿನವು ಚೊಕ್ಕ ಹಳದಿ. ಹಲಸಿನ ಹಸಿ ಮರದ ವಾಸನೆ ಇಷ್ಟು ವರ್ಷದ ಮೇಲೂ ಒಳಗೆ ಉಳಿದಿತ್ತು. ಅಂಗಳದ ತುಂಬ ಸುರುಳಿ. ಪಕ್ಕದ ಮನೆಯ ಹುಡುಗಿ ಕಿವಿಗೆ ಜೋತುಹಾಕಿಕೊಂಡು ಓಡಾಡಿದಳು.

ಗೀಟುಗಳು ಪೂರ್ತಿ ಹೋಗಿಲ್ಲ. ಗಂಟಿನ ಬಳಿ, ಆಳದ ರಂಧ್ರಗಳಲ್ಲಿ ಕೆಲವು ಉಳಿದಿವೆ. "ಇನ್ನೊಂದು ಸುತ್ತು ಹೊಡೀಲಾ?" ಅಂದರು. ಇನ್ನೊಂದು ಸುತ್ತಿಗೆ ಇನ್ನಷ್ಟು ಹೋಗುತ್ತವೆ, ಕೊನೆಯ ಒಂದಕ್ಕಾಗಿ ಕಾಲಿಂಚು ಮರ ಹೋಗುತ್ತದೆ. ಮೇಜಿನ ಎದುರು ಕೂತು ನೋಡಿದೆ. ಕೂತ ದೂರದಿಂದ ಕಾಣಲಿಲ್ಲ. ಬೇಡ ಅಂದೆ. ಅವರಿಗೆ ನಿರಾಸೆಯಾಯಿತು.

5 ಮಾರ್ಚ್, ಬುಧವಾರ

ಮೊಳೆಯ ಕಲೆಗೆ ಆಕ್ಸಾಲಿಕ್ ಆಮ್ಲ. ಇದು ಸಿಕ್ಕಿದ್ದು ಮೊಸಾಯಿಕ್ ನೆಲ ಪಾಲಿಶ್ ಮಾಡುವವರ ಬಳಿ, ಅವರು ಕೊನೆಯ ಹೊಳಪಿಗೆ ಇದೇ ಪುಡಿ ಉಜ್ಜುತ್ತಾರೆ. ವಿಷ, ಗ್ಲೌಸ್ ಬೇಕು. ಬಿಸಿನೀರಿನಲ್ಲಿ ಕರಗಿಸಿ, ಕಲೆಗೆ ಮಾತ್ರ ಹಚ್ಚಿದರೆ ಸುತ್ತ ಉಂಗುರ ಉಳಿಯುತ್ತದೆ ಅಂತ ಆ ತುದಿಗೆಲ್ಲ ಸಮನಾಗಿ ಒರೆಸಿದೆ. ನೀಲಿಗಪ್ಪು ಕಣ್ಣೆದುರೇ ಬೂದಿಬಣ್ಣಕ್ಕೆ ಇಳಿಯಿತು. ನೀರಿನಲ್ಲಿ ಚೆನ್ನಾಗಿ ತೊಳೆದು, ಅಡುಗೆ ಸೋಡಾದ ನೀರು ಒರೆಸಿ, ಮತ್ತೆ ತೊಳೆದೆ. ಒಳಗೆ ಹರಳು ಉಳಿದರೆ ಮುಂದೆ ಉಜ್ಜುವಾಗ ಧೂಳಾಗಿ ಗಂಟಲು ಹಿಡಿಯುತ್ತದೆ. ತೂತಿಗೆ ಆಚಾರ್ರು ಅದೇ ಮರದ ತುಂಡಿನಿಂದ ಒಂದು ಬಿರಡೆ ಕಡೆದು, ಎಳೆ ನೋಡಿ ಕೂರಿಸಿದರು.

ಬಿಳಿ ಪಟ್ಟಿಯ ಕುಟ್ಟೆಗೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ.

ಡೊಂಕು ಅಂಚಿಗೆ ರಿಮೂವರ್, ಹಿತ್ತಾಳೆಯ ಬ್ರಷ್. ಬೆಳಗಿನ ಆರೂವರೆಗೆ, ಗಾಳಿಗೆ ಬೆನ್ನು ಕೊಟ್ಟು. ಸುಕ್ಕಿನ ಒಳಗೆ ಚೂರು ಕಂದು ಇದೆ. ಇರಲಿ.

9 ಮಾರ್ಚ್, ಭಾನುವಾರ

80ರ ಪೇಪರ್, ಆಮೇಲೆ 120, ಆಮೇಲೆ 180. ಒಂದನ್ನು ಬಿಟ್ಟು ಹಾರಿದರೆ ಹಿಂದಿನದರ ಗೀರು ಎಣ್ಣೆ ಬಿದ್ದಮೇಲೆ ಎದ್ದು ಕಾಣುತ್ತದೆ. ಸಂಜೆ ಲೈಟ್ ಆರಿಸಿ, ಟಾರ್ಚನ್ನು ಹಲಗೆಯ ಮಟ್ಟಕ್ಕೇ ಮಲಗಿಸಿ ಬಿಟ್ಟರೆ ಪ್ರತಿ ಗೀರಿಗೂ ನೆರಳು ಬೀಳುತ್ತದೆ. ಎಲ್ಲಿ ಸ್ಟೇನ್ ಉಳಿದಿದೆ ಅಂತ ನೋಡಲು ಟರ್ಪೆಂಟೈನ್ ಒರೆಸಬೇಕು. ಒಣ ಮರ ಎಲ್ಲವನ್ನೂ ಬಚ್ಚಿಡುತ್ತದೆ, ಒದ್ದೆಯಾದಾಗ ಬಿಟ್ಟುಕೊಡುತ್ತದೆ. ಟರ್ಪೆಂಟೈನ್ ಹಾಕಿದ ಕೂಡಲೇ ಹಲಗೆ ಅರಿಶಿನಕ್ಕೆ ತಿರುಗಿತು. ಪೇಪರಿನ ಹಿಂದಿದ್ದ ಇವರು ಎದ್ದು ಬಂದು ನಿಂತರು. ಏನೂ ಅನ್ನಲಿಲ್ಲ. ಮದುವೆಯಾಗಿ ಮೂವತ್ತು ವರ್ಷ ದಾಟಿದೆ, ಇವರು ಏನೂ ಅನ್ನದಿದ್ದರೆ ಏನರ್ಥ ಅಂತ ನನಗೆ ಗೊತ್ತು.

15 ಮಾರ್ಚ್, ಶನಿವಾರ

ಈಗ ಏನು ಹಚ್ಚುವುದು ಎಂಬ ಜಗಳ. ಆಚಾರ್ರದು ಅರಗಿನ ಪಾಲಿಶ್. ಚಪ್ಪಡಾ ಚೂರನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಪದರದ ಮೇಲೆ ಪದರ. ಚಂದವೇನೋ ಚಂದ, ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದೆ. ನಮ್ಮ ಮನೆಯಲ್ಲಿ ಲೋಟ ಇಡದ ಮೇಜು ಯಾವುದಿದೆ? ತಮ್ಮ ಫೋನಿನಲ್ಲಿ, "ಗೇರೆಣ್ಣೆ ಹಚ್ಚಕ್ಕಾ, ಗೆದ್ದಲು ಹತ್ತಿರ ಬರಲ್ಲ" ಅಂದ. ಜಂತಿ, ಪಕಾಸಿಗೆ ಅದು ಸರಿ. ಕರಿ ಮಾಡಲೆಂದೇ ಹುಟ್ಟಿದ ಎಣ್ಣೆ ಅದು. ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ.

ಅಗಸೆ ಎಣ್ಣೆಗೆ ನಿಂತಿದ್ದೇನೆ. ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಸಿಗುತ್ತದೆ, ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುತ್ತಾರೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಉಳಿಸಿದರೆ ಅಂಟು. ಇದು ಮರದ ಮೇಲೆ ಕೂರುವ ಪದರವಲ್ಲ, ಒಳಗೆ ಹೋಗಿ ಆಮ್ಲಜನಕ ಹೀರಿ ಗಟ್ಟಿಯಾಗುವಂಥದು. ಹೀರುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಹೇಳಿದರೆ ಇವರು ನಂಬಲಿಲ್ಲ. ನೀರಿನ ಬಕೆಟ್ಟಿನಲ್ಲಿ ಅದ್ದಿ, ಆಮೇಲೆ ತಂತಿಯ ಮೇಲೆ ಬಿಡಿಸಿ ಹರವಿದೆ. ಕೆಲಸದವಳು ಒಗೆಯಲು ಹೋದಳು, ತಡೆದೆ.

30 ಮಾರ್ಚ್, ಭಾನುವಾರ, ಯುಗಾದಿ

ಬೇವು ಬೆಲ್ಲ, ಒಬ್ಬಟ್ಟು, ಎಲ್ಲ ಮೇಜಿನ ಮೇಲೇ. ಎಲೆ ಹಾಕುವ ಮುಂಚೆ ಇವರು ಪ್ಲಾಸ್ಟಿಕ್ ಹಾಸು ತಂದು ಹರವಿದ್ದರು, ತೆಗೆಸಿದೆ. ಎಣ್ಣೆ ಗಟ್ಟಿಯಾಗಲು ಗಾಳಿ ಬೇಕು. ಜೊತೆಗೆ ಒಂದೇ ಕಡೆ ಏನನ್ನಾದರೂ ಬಿಟ್ಟರೆ ಅಲ್ಲಿ ಬೆಳಕು ಬೀಳದೆ ಆ ಆಕಾರದ ತಿಳಿ ಗುರುತು ಉಳಿಯುತ್ತದೆ. ಈಗಾಗಲೇ ಹೂದಾನಿಯ ಅಡಿಯಲ್ಲಿ ಮಸುಕಾಗಿ ಒಂದು ವೃತ್ತ ಕಾಣುತ್ತಿದೆ. ದಿನಕ್ಕೊಂದು ಕಡೆ ಸರಿಸುತ್ತಿದ್ದೇನೆ.

ತಮ್ಮ, ನಾದಿನಿ ಬಂದಿದ್ದರು. ತಮ್ಮ ಬಿರಡೆಯ ಮೇಲೆ ಬೆರಳಾಡಿಸಿ, "ಅಮ್ಮನ ಮೊಳೆ ಇಲ್ಲಿತ್ತಾ?" ಅಂತ ಕೇಳಿದ. ಮೊಳೆಯ ತುಂಡು ನನ್ನ ಪೆನ್ನಿನ ಡಬ್ಬಿಯಲ್ಲಿದೆ, ತೋರಿಸಿದೆ. ನಾದಿನಿಗೆ ಬಿಳಿ ಪಟ್ಟಿ ಹಿಡಿಸಲಿಲ್ಲ, ಬಣ್ಣ ಒಂದೇ ತರ ಇದ್ದಿದ್ದರೆ ಚೆನ್ನಿತ್ತು ಅಂದಳು. ಇವರು ನನಗಿಂತ ಮೊದಲೇ ಬಾಯಿ ಹಾಕಿ ಚೇಗು ಅಂದರೆ ಏನು, ಕುಟ್ಟೆ ಯಾಕೆ ಬಿಳಿ ಭಾಗಕ್ಕೇ ಬೀಳುತ್ತದೆ ಅಂತ ಪಾಠ ಮಾಡಿದರು. ಮೋರಿನ್ ಹೆಸರನ್ನು ಮಾತ್ರ ತಪ್ಪಾಗಿ ಹೇಳಿದರು.

ಅಟ್ಟದಲ್ಲಿ ಅದೇ ಮರದ ಇನ್ನೆರಡು ಹಲಗೆ ಇವೆಯಂತೆ. ತೂಗುಮಂಚ ಮಾಡಿಸುವ ಯೋಚನೆ ತಮ್ಮನದು. ಮಳೆ ಹಿಡಿಯುವ ಮೊದಲೇ ಎಣ್ಣೆ ಒಣಗಬೇಕು. ಆಚಾರ್ರಿಗೆ ಏಪ್ರಿಲ್‌ನಲ್ಲಿ ಬಿಡುವಿದೆಯೇ ಅಂತ ನಾಳೆ ಕೇಳಬೇಕು, ಆಯಸ್ಕಾಂತ ತರಲು ಹೇಳಬೇಕು.